ಎಷ್ಟು ಕಾಪಿ ಬೇಕು?

ಸಚ್ಚಿದಾನಂದನಿಗೆ ಅವಳ ಹೆಸರು ಗೊತ್ತಾಗುವ ಮೊದಲೇ ಅವಳ ಕೂದಲು ಗೊತ್ತಿತ್ತು.

ಕೊಪ್ಪದಲ್ಲಿ ಶೃಂಗೇರಿ ರಸ್ತೆಗೆ ತಿರುಗುವಲ್ಲಿ ಅವನ ಫೋಟೋ ಸ್ಟುಡಿಯೋ. ರಸ್ತೆಯ ಆಚೆ ಬದಿ ಸಂಜೆಯ ಶೃಂಗೇರಿ ಬಸ್ಸಿಗೆ ಕಾಯುವವರ ಜಾಗ. ಅಲ್ಲಿ ದಿನವೂ ಒಬ್ಬಳು ಬಂದು ನಿಲ್ಲುತ್ತಿದ್ದಳು. ಬೆಳಿಗ್ಗೆ ಮನೆಯಲ್ಲಿ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ ಸಂಜೆಯ ಹೊತ್ತಿಗೆ ಯಾರ ಮಾತೂ ಕೇಳದ ಸ್ಥಿತಿಗೆ ಬಂದಿರುತ್ತಿತ್ತು. ಕಿವಿಯ ಹಿಂದೆ, ಕುತ್ತಿಗೆಯ ಸುತ್ತ, ಹಣೆಯ ಅಂಚಿನಲ್ಲಿ ಎಲ್ಲೆಲ್ಲೂ ಗುಂಗುರು. ಬಲಹುಬ್ಬಿನ ಮೇಲಿನ ಒಂದು ಸುರುಳಿಯಂತೂ ಅವಳು ಎಷ್ಟು ಸಲ ಕಿವಿಯ ಹಿಂದೆ ಸಿಕ್ಕಿಸಿದರೂ ಜಾರಿ ಬಂದು ಅಲ್ಲೇ ಕೂರುತ್ತಿತ್ತು. ಆಗ ಅವಳು ಕೆಳತುಟಿ ಮುಂದೆ ಮಾಡಿ ಅದನ್ನು ಉಫ್ ಎಂದು ಊದುತ್ತಿದ್ದಳು.

ಈ ಊದುವುದನ್ನು ನೋಡುತ್ತಾ ಸಚ್ಚಿ ಪಾಸ್‌ಪೋರ್ಟ್ ಫೋಟೋ ಕತ್ತರಿಸುವಾಗ ಎಷ್ಟೋ ಮಂದಿಯ ಕಿವಿ ಕತ್ತರಿಸಿದ್ದಾನೆ. ಅವಳು ಬರುವ ಹೊತ್ತಿಗೆ ಸರಿಯಾಗಿ ಶೋಕೇಸಿನ ಗಾಜು ಒರೆಸುವುದು ಅವನಿಗೆ ಅಭ್ಯಾಸವಾಗಿತ್ತು. ಕೊಪ್ಪದಲ್ಲಿ ಅಷ್ಟು ಚೊಕ್ಕಟವಾದ ಗಾಜು ಇನ್ನೊಂದಿರಲಿಲ್ಲ.

ಅವಳು ದೇವಕಿ. ಊರು ಬೇಗಾರು, ಕೊಪ್ಪದ ಸೊಸೈಟಿಯಲ್ಲಿ ಕ್ಲರ್ಕು, ಶೃಂಗೇರಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕಾದವಳು. ಇಷ್ಟನ್ನು ತಿಳಿದುಕೊಳ್ಳುವುದಕ್ಕೇ ಸಚ್ಚಿಗೆ ಒಂದು ಮಳೆಗಾಲ ಪೂರ್ತಿ ಬೇಕಾಯಿತು. ಅವಳು ತಾನಾಗಿ ಮಾತಾಡಿಸಿದ್ದು ಒಂದೇ ಸಲ. ರಸ್ತೆ ದಾಟಿ ಬಂದು, ಶೃಂಗೇರಿ ಬಸ್ಸು ಹೋಯಿತೇ ಎಂದು ಕೇಳಿದ್ದಳು. ಬಸ್ಸು ಹೋಗಿ ಕಾಲು ಗಂಟೆಯಾಗಿತ್ತು. ಸಚ್ಚಿ ಮಾತ್ರ, ಇಲ್ಲ, ಈಗ ಬರುತ್ತದೆ ಎಂದುಬಿಟ್ಟ. ಅವಳು ಅಂಗಡಿಯ ಮೆಟ್ಟಿಲ ಮೇಲೆ ಮುಂದಿನ ಬಸ್ಸು ಬರುವವರೆಗೂ ನಿಂತಿದ್ದಳು. ಶೋಕೇಸಿನಲ್ಲಿದ್ದ ಮದುಮಕ್ಕಳ ಫೋಟೋಗಳನ್ನು ಒಂದೊಂದಾಗಿ ನೋಡಿ, ಇವರೆಲ್ಲ ಯಾಕೆ ಹೀಗೆ ಉಸಿರು ಕಟ್ಟಿಕೊಂಡು ನಿಂತಿದ್ದಾರೆ ಎಂದು ನಕ್ಕಳು. ಆ ನಗುವಿನ ಬಲದ ಮೇಲೆ ಸಚ್ಚಿ ಒಂದು ವರ್ಷ ಬದುಕಿದ.

ಜಾತಿ, ಜಾತಕ, ಮನೆತನ ಯಾವುದರಲ್ಲೂ ತೊಡಕಿರಲಿಲ್ಲ. ಹಿರಿಯರ ಕಿವಿಗೆ ಹಾಕಿದ್ದರೆ ಎರಡು ಮನೆಯವರೂ ಖುಷಿಯಿಂದ ಎದ್ದು ಕೂರುತ್ತಿದ್ದರು. ಅಡ್ಡ ಇದ್ದದ್ದು ಸಚ್ಚಿಯ ಬಾಯಿ ಒಂದೇ. ಇಡೀ ತಾಲೂಕಿನ ಗಂಡು ಹೆಣ್ಣುಗಳನ್ನು ಹತ್ತಿರ ನಿಲ್ಲಿಸಿ ನಗಿಸಿ ಫೋಟೋ ಹೊಡೆಯುವ ಈ ಪುಣ್ಯಾತ್ಮನಿಗೆ ತನ್ನ ವಿಷಯ ಬಂದಾಗ ನಾಲಿಗೆ ಮೇಲೇಳುತ್ತಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ದೇವಕಿ ತನ್ನ ತಾಯಿ ಮೀನಾಕ್ಷಮ್ಮನ ಜೊತೆ ಸ್ಟುಡಿಯೋದ ಒಳಗೇ ಬಂದಳು. ನರಸಿಂಹರಾಜಪುರದಲ್ಲೊಂದು ಗಂಡಿದೆಯಂತೆ, ಹುಡುಗಿಯ ಫೋಟೋ ಕಳಿಸಿ ಎಂದಿದ್ದಾರಂತೆ. ಸಚ್ಚಿ ಮುಖಕ್ಕೆ ಅಂಗಡಿಯವನ ನಗು ತಂದುಕೊಂಡು ಅವಳನ್ನು ಸ್ಟೂಲಿನ ಮೇಲೆ ಕೂರಿಸಿದ.

ಲೈಟು ಹಾಕಿದ. ಗಲ್ಲ ಸ್ವಲ್ಪ ತಗ್ಗಿಸಲು ಹೇಳಿದ. ಫೋಟೋಗ್ರಾಫರನಿಗೆ ಊರು ಒಂದು ಸ್ವಾತಂತ್ರ್ಯ ಕೊಟ್ಟಿರುತ್ತದೆ. ಸೆರಗು ಸರಿಮಾಡಿ ಎನ್ನಬಹುದು, ಹಣೆಯ ಮೇಲಿನ ಕೂದಲನ್ನು ಬೆರಳ ತುದಿಯಲ್ಲಿ ಸರಿಸಬಹುದು. ಸಚ್ಚಿ ಬಲಹುಬ್ಬಿನ ಮೇಲಿನ ಆ ಸುರುಳಿಯನ್ನು ಸರಿಸಿದ. ಅದು ಕ್ಷಣವೂ ತಡೆಯದೆ ವಾಪಸು ಬಂದಿತು. ಇನ್ನೊಮ್ಮೆ ಸರಿಸಿದ. ಸರಿಸಿದ ಬೆರಳು ಅಲ್ಲೇ ಉಳಿದದ್ದು ಅವಳಿಗೆ ತಿಳಿಯಿತು. ಅವಳು ಕಣ್ಣೆತ್ತಿ ಅವನನ್ನೇ ನೋಡಿದಳು. ನಾಚಿಕೆಯೂ ಅಲ್ಲದ, ನಗುವೂ ಅಲ್ಲದ ಆ ನೋಟದಲ್ಲಿ ಏನೋ ಕಾಯುತ್ತಿತ್ತು. ಸಚ್ಚಿ ಕ್ಯಾಮೆರಾದ ಹಿಂದೆ ಹೋಗಿ ಅವಿತುಕೊಂಡ.

ಫೋಟೋ ತೆಗೆದಾಯಿತು. ಅವಳು ಸ್ಟೂಲಿನಿಂದ ಏಳಲಿಲ್ಲ. ಈಗಲಾದರೂ ಏನಾದರೂ ಹೇಳಬೇಕು ಎಂದು ಅವನ ಜೀವ ಬಡಿದುಕೊಳ್ಳುತ್ತಿತ್ತು. ಕೊನೆಗೆ ಬಾಯಿಂದ ಬಂದದ್ದು ಇಷ್ಟು:

"ಎಷ್ಟು ಕಾಪಿ ಬೇಕು?"

ಅವಳು ಹುಬ್ಬಿನ ಮೇಲಿನ ಸುರುಳಿಯನ್ನು ಉಫ್ ಎಂದು ಊದಿದಳು.

"ಅಮ್ಮನ್ನ ಕೇಳಿ," ಎಂದು ಎದ್ದು ಹೊರಗೆ ಹೋದಳು.

ಮೀನಾಕ್ಷಮ್ಮ ಕೌಂಟರಿನ ಮೇಲೆ ಬಗ್ಗಿ ದನಿ ತಗ್ಗಿಸಿದರು. ಹಿಂದೆ ಬಂದ ಸಂಬಂಧಗಳೆಲ್ಲ ಕೂದಲಿನ ಕಾರಣಕ್ಕೇ ಮುರಿದು ಬಿದ್ದಿದ್ದವಂತೆ. ಹುಡುಗಿ ಲಕ್ಷಣವಾಗಿದ್ದಾಳೆ, ತಲೆಯೊಂದು ಪೊದೆ ಎಂದು ಮುಖದ ಮೇಲೆ ಹೊಡೆದ ಹಾಗೆ ಹೇಳಿ ಹೋದವರೂ ಇದ್ದರು. ಕಂಪ್ಯೂಟರಿನಲ್ಲಿ ಏನು ಬೇಕಾದರೂ ಮಾಡಬಹುದಂತಲ್ಲ, ಕೂದಲನ್ನು ನೆಟ್ಟಗೆ ಮಾಡಿಕೊಡಲು ಆಗುತ್ತದೆಯೇ ಎಂದು ಕೇಳಿದರು.

ಆಗುತ್ತಿತ್ತು. ಆ ವರ್ಷವಷ್ಟೇ ಸಚ್ಚಿ ಫಿಲ್ಮು ಬಿಟ್ಟು ಡಿಜಿಟಲ್ ಕ್ಯಾಮೆರಾಕ್ಕೆ ಬಂದಿದ್ದ, ಶಿವಮೊಗ್ಗಕ್ಕೆ ಹೋಗಿ ಫೋಟೋಶಾಪ್ ಕಲಿತು ಬಂದಿದ್ದ. ಒಲ್ಲೆ ಎಂದರೆ ಇವರು ಬೇರೆ ಸ್ಟುಡಿಯೋಗೆ ಹೋಗುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ನಿಜ ಹೇಳಬೇಕೆಂದರೆ ತನ್ನ ಕೈಚಳಕ ತೋರಿಸುವ ಚಪಲವೂ ಇತ್ತು. ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಗುಂಗುರನ್ನು ಅಳಿಸಿ ನೀಟಾಗಿ ಎಳೆದ. ಬಲಹುಬ್ಬಿನ ಮೇಲಿನ ಸುರುಳಿಗೆ ಬಂದಾಗ ಕೈ ತಡೆಯಿತು. ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದು, ಆಮೇಲೆ ಅದನ್ನೂ ಅಳಿಸಿದ.

ಫೋಟೋ ನರಸಿಂಹರಾಜಪುರದವರಿಗೆ ಬಹಳ ಹಿಡಿಸಿತು. ಗಂಡಿನ ತಾಯಿ ಸುಲೋಚನಮ್ಮ, ಹುಡುಗಿಯನ್ನು ನೋಡಲು ಬರುತ್ತೇವೆ, ಒಪ್ಪಿಗೆಯಾದರೆ ಅದೇ ದಿನ ಹೂ ಮುಡಿಸಿಯೇ ಹೋಗುತ್ತೇವೆ ಎಂದು ಹೇಳಿ ಕಳಿಸಿದರು. ಅವರ ಮನೆಯಲ್ಲಿ ಅತ್ತೆಯಾಗುವವಳೇ ಹುಡುಗಿಯ ತಲೆ ಬಾಚಿ, ಜಡೆ ಹೆಣೆದು, ತನ್ನ ಕೈಯಾರೆ ಹೂ ಮುಡಿಸುವುದು ಪದ್ಧತಿ.

ಇದಾದ ಮಾರನೆಯ ದಿನ ದೇವಕಿ ಒಬ್ಬಳೇ ಬಂದು ಆ ಫೋಟೋವನ್ನು ಕೌಂಟರಿನ ಮೇಲಿಟ್ಟಳು.

"ಇದು ಯಾರು?"

"ನಿಮ್ಮಮ್ಮ ಹೇಳಿದ್ರು..."

"ನಾನು ಕೇಳಿದ್ದು ಅದಲ್ಲ."

ಸಚ್ಚಿ ಅಲ್ಲಿಗೆ ಸುಮ್ಮನಿರಬೇಕಿತ್ತು. "ಚಂದ ಬಂದಿದೆ ಅಲ್ವಾ?" ಎಂದುಬಿಟ್ಟ.

ದೇವಕಿಯ ಮುಖ ಸಪ್ಪಗಾಯಿತು. "ನಿಮಗೂ ಹೀಗಿದ್ರೇ ಚಂದ ಕಾಣ್ತದಾ?"

"ಎಲ್ಲರಿಗೂ ಕಾಣ್ತದೆ," ಎಂದ ಸಚ್ಚಿ, ಕತ್ತರಿಯನ್ನು ಹುಡುಕುವವನಂತೆ ಡ್ರಾಯರ್ ಎಳೆಯುತ್ತಾ. ಅವನ ಪ್ರಕಾರ ಅದು ಅವಳನ್ನು ಹೊಗಳಿದ ಮಾತು. ಅವಳು ಏನೆಂದು ತಿಳಿದಳೋ, "ಆಯ್ತು ಹಾಗಾದ್ರೆ," ಎಂದು ಫೋಟೋ ಎತ್ತಿಕೊಂಡಳು. ಆ ಸಂಜೆ ಬಸ್ಸಿಗೆ ಕಾಯುವಾಗ ಅವಳು ಒಮ್ಮೆಯೂ ಈ ಕಡೆ ತಿರುಗಲಿಲ್ಲ.

ಸ್ಟುಡಿಯೋದ ಮಹಡಿಯ ಮೇಲೆ ಪ್ರೇಮಕ್ಕನ ಬ್ಯೂಟಿ ಪಾರ್ಲರು. ಹುಬ್ಬು ತಿದ್ದುವುದು, ಮದುಮಗಳ ಮೇಕಪ್ಪು ಇಷ್ಟರಲ್ಲೇ ಇದ್ದ ಪ್ರೇಮಕ್ಕ ಆ ವರ್ಷ ರೀಬಾಂಡಿಂಗ್ ಕಲಿತು ಬಂದು ಮೆಟ್ಟಿಲ ಬಳಿ ಬೋರ್ಡು ಹಾಕಿದ್ದಳು. ಎಂಥ ಗುಂಗುರು ಕೂದಲನ್ನೂ ಔಷಧಿ ಹಾಕಿ ರೇಷ್ಮೆಯ ಹಾಗೆ ನೆಟ್ಟಗೆ ಮಾಡುವುದಂತೆ. ಗಂಡಿನ ಕಡೆಯವರು ಬರುವುದಕ್ಕೆ ಎರಡು ದಿನ ಮೊದಲು ದೇವಕಿ ಬೆಳಿಗ್ಗೆಯೇ ಆ ಮೆಟ್ಟಿಲು ಹತ್ತಿದಳು. ದಿನವಿಡೀ ಕೆಳಗಿನ ಸ್ಟುಡಿಯೋಗೂ ಕೊಳೆತ ಮೊಟ್ಟೆಯಂಥ ಘಾಟು ಇಳಿಯಿತು. ಗಿರಾಕಿಗಳು ಮೂಗು ಮುಚ್ಚಿಕೊಂಡು ಬಂದು ಮೂಗು ಮುಚ್ಚಿಕೊಂಡೇ ಹೋದರು.

ಸಂಜೆ ಅವಳು ಇಳಿದು ಬಂದಾಗ ಸಚ್ಚಿಗೆ ತಕ್ಷಣ ಗುರುತು ಸಿಗಲಿಲ್ಲ. ಅವನೇ ಎಳೆದ ಕೂದಲು, ಅವನು ಎಳೆದ ಹಾಗೆಯೇ ಭುಜದ ಮೇಲೆ ಬಿದ್ದಿತ್ತು. ಘಾಟಿಗೆ ಅವಳ ಕಣ್ಣು ಕೆಂಪಗಾಗಿತ್ತು, ನಡುನಡುವೆ ಕೆಮ್ಮುತ್ತಿದ್ದಳು.

"ಫೋಟೋಕ್ಕೆ ಹೊಂದ್ತದಾ ಈಗ?" ಎಂದು ಕೇಳಿದಳು.

ಸಚ್ಚಿ ತಲೆಯಾಡಿಸಿದ. ಬಲಹುಬ್ಬಿನ ಮೇಲೆ ಏನೂ ಇರಲಿಲ್ಲ. ಅಲ್ಲಿ ಯಾವಾಗಲೂ ಇದ್ದ ಯಾರೋ ಊರು ಬಿಟ್ಟು ಹೋದ ಹಾಗೆ ಅವನಿಗೆ ದುಃಖವಾಯಿತು.

ಮೂರು ದಿನ ನೀರು ತಾಗಿಸಬಾರದು, ಎಣ್ಣೆ ಹಾಕಬಾರದು, ಕಟ್ಟಬಾರದು ಎಂದು ಪ್ರೇಮಕ್ಕ ಹೇಳಿಯೇ ಕಳಿಸಿದ್ದಳು. ಹೂ ಮುಡಿಸುವ ದಿನ ಹೇಗೂ ಕಟ್ಟಲೇಬೇಕಲ್ಲ, ಅದೊಂದು ಗಳಿಗೆ ಪರವಾಗಿಲ್ಲ ಎಂದು ಅಮ್ಮ ಮಗಳು ತಮ್ಮಲ್ಲೇ ಒಪ್ಪಂದ ಮಾಡಿಕೊಂಡಿದ್ದರು. ಆದರೆ ಬೇಗಾರಿನ ಮನೆಯಲ್ಲಿ ದೇವಕಿಯ ಅಜ್ಜಿ ಶೇಷಮ್ಮ ಇದ್ದರು. ಶುಭಕಾರ್ಯ ಎದುರಿಗಿಟ್ಟುಕೊಂಡು ಹೆಣ್ಣುಮಗಳಿಗೆ ಎಣ್ಣೆ ನೀರು ಹಾಕದೆ ಇರುವುದುಂಟೇ? ಮಾರನೆಯ ಬೆಳಿಗ್ಗೆ ಮೀನಾಕ್ಷಮ್ಮ ಹಾಲು ಕರೆಯಲು ಕೊಟ್ಟಿಗೆಗೆ ಹೋಗಿದ್ದಾಗ ಅಜ್ಜಿ ಮೊಮ್ಮಗಳ ಕೈ ಹಿಡಿದು ಬಚ್ಚಲಿಗೆ ಕರೆದೊಯ್ದರು. ಬೇಡ ಅಜ್ಜಿ ಎಂದಳಂತೆ ದೇವಕಿ. ಅಜ್ಜಿಯ ಕಣ್ಣಲ್ಲಿ ನೀರು ಕಂಡು ಸುಮ್ಮನೆ ಮಣೆಯ ಮೇಲೆ ಕೂತಳಂತೆ. ನೆತ್ತಿಗೆ ಎಣ್ಣೆ ತಟ್ಟಿ, ಹಂಡೆಯ ಬಿಸಿನೀರು ಹೊಯ್ದು, ಸೀಗೆಪುಡಿ ಹಾಕಿ ಉಜ್ಜಿದ ಮೇಲೆ ಪ್ರೇಮಕ್ಕನ ರೇಷ್ಮೆ ಉಳಿಯಲಿಲ್ಲ. ಕೂದಲು ಅರ್ಧ ನೆಟ್ಟಗೆ, ಅರ್ಧ ಸುರುಳಿಯಾಗಿ, ಎರಡೂ ಅಲ್ಲದ ಹಾಗೆ ಒಣಗಿತು.

ಮೀನಾಕ್ಷಮ್ಮ ಮಗಳನ್ನು ಎಳೆದುಕೊಂಡು ಮಧ್ಯಾಹ್ನದ ಬಸ್ಸಿಗೆ ಕೊಪ್ಪಕ್ಕೆ ಬಂದರು. ಪ್ರೇಮಕ್ಕ ಒಪ್ಪಲಿಲ್ಲ. ಒಮ್ಮೆ ಔಷಧಿ ಕಂಡ ಕೂದಲನ್ನು ತಿಂಗಳುಗಟ್ಟಲೆ ಮುಟ್ಟಬಾರದೆಂದು ಕಲಿಸಿದವರು ಹೇಳಿದ್ದಾರೆ ಎಂದಳು. ಮೀನಾಕ್ಷಮ್ಮ ಅವಳ ಕೈ ಹಿಡಿದು ಅತ್ತರು. ನಾಳೆ ಅವರು ಬಂದು ಫೋಟೋ ಎದುರಿಗೆ ಹಿಡಿದು ನೋಡಿದರೆ ಏನು ಉತ್ತರ ಕೊಡಲಿ ಎಂದರು. ಪ್ರೇಮಕ್ಕನೂ ಹೆಣ್ಣುಮಕ್ಕಳ ತಾಯಿ, ಆ ಅಳು ಅವಳಿಂದ ನೋಡಲಾಗಲಿಲ್ಲ. ಕೈಗವಸು ಹಾಕಿಕೊಂಡಳು.

ಸಚ್ಚಿ ಹಿಂದಿನ ಬಾಗಿಲಲ್ಲಿ ನಿಂತಿದ್ದ. ಮೇಲಿನ ಕಿಟಕಿ ತೆರೆದಿತ್ತು.

"ಉರೀತದೆ ಪ್ರೇಮಕ್ಕ," ಎಂದದ್ದು ಅವನಿಗೆ ಚೆನ್ನಾಗಿ ಕೇಳಿಸಿತು.

"ಸ್ವಲ್ಪ ತಡ್ಕೋ ಮಾರಾಯ್ತಿ, ಈಗ ಆಯ್ತು," ಎಂದಳು ಪ್ರೇಮಕ್ಕ.

ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಮಾತು, ಈ ಸಲ ಹಲ್ಲು ಕಚ್ಚಿಕೊಂಡು ಹೇಳಿದ ಹಾಗೆ. ಸಚ್ಚಿ ಮೆಟ್ಟಿಲು ಹತ್ತಿದ. ಅರ್ಧಕ್ಕೆ ನಿಂತ. ಒಳಗೆ ಹೋಗಿ ಏನೆನ್ನುವುದು? ಅವಳು ನನಗೇನಾಗಬೇಕು? ಅಷ್ಟರಲ್ಲಿ ಕೆಳಗೆ ಯಾರೋ ರೇಷನ್ ಕಾರ್ಡಿನ ಫೋಟೋಕ್ಕೆಂದು ಬಂದು ಕೂಗಿದರು. ಅವನು ಇಳಿದು ಹೋದ. ಆಮೇಲೆ ತನ್ನ ಬದುಕಿನಲ್ಲಿ ಅವನು ಎಷ್ಟೋ ಸಲ ಆ ಮೆಟ್ಟಿಲನ್ನು ಮನಸ್ಸಿನಲ್ಲೇ ಪೂರ್ತಿ ಹತ್ತಿದ್ದಾನೆ.

ಮರುದಿನ ಬೇಗಾರಿಗೆ ಫೋಟೋ ತೆಗೆಯಲು ಹೋದವನೂ ಅವನೇ. ಚಾವಡಿಯಲ್ಲಿ ಕಂಬಳಿ ಹಾಸಿತ್ತು. ನರಸಿಂಹರಾಜಪುರದ ಹುಡುಗ ಶ್ರೀನಿಧಿ ಸಾಧು ಮನುಷ್ಯ, ತಲೆ ತಗ್ಗಿಸಿ ಕಾಫಿ ಕುಡಿಯುತ್ತಿದ್ದ. ದೇವಕಿ ಹಸಿರು ಸೀರೆ ಉಟ್ಟು ಬಂದು ಮಣೆಯ ಮೇಲೆ ಕೂತಳು. ಕೂದಲು ನೆಟ್ಟಗಿತ್ತು. ಮುಖ ಬಿಳುಚಿಕೊಂಡಿತ್ತು, ಕತ್ತು ತಿರುಗಿಸುವಾಗಲೆಲ್ಲ ಹುಬ್ಬು ಗಂಟಾಗುತ್ತಿತ್ತು. ಒಪ್ಪಿಗೆಯ ಮಾತು ಸುಲಭವಾಗಿ ಮುಗಿಯಿತು. ಸುಲೋಚನಮ್ಮ ಫೋಟೋದಲ್ಲಿದ್ದ ಹಾಗೇ ಇದ್ದಾಳೆ ಎಂದು ಸಂತೋಷಪಟ್ಟು, ಬಾಚಣಿಗೆ ಹಿಡಿದು ಅವಳ ಹಿಂದೆ ಕೂತರು.

ಸಚ್ಚಿ ಕ್ಯಾಮೆರಾ ಕಣ್ಣಿಗೆ ಒತ್ತಿಕೊಂಡು ಕಾಯುತ್ತಿದ್ದ. ಬಾಚಣಿಗೆ ನೆತ್ತಿಯಿಂದ ಇಳಿಯಿತು. ಕೂದಲು ಹಸಿ ರಬ್ಬರಿನ ಹಾಗೆ ಒಂದಿಷ್ಟು ಎಳೆದುಕೊಂಡು ಬಂದು, ಆಮೇಲೆ ಸದ್ದಿಲ್ಲದೆ ತುಂಡಾಯಿತು. ಸುಲೋಚನಮ್ಮ ಒಂದು ಹಿಡಿ ಕೂದಲನ್ನು ಕೈಯಲ್ಲಿ ಹಿಡಿದುಕೊಂಡು ಏನೂ ಅರ್ಥವಾಗದೆ ನೋಡುತ್ತಿದ್ದರು. ಬೈತಲೆಯ ಪಕ್ಕ ಕೆಂಪಗೆ ಸುಟ್ಟ ಚರ್ಮ ಕಾಣಿಸಿತು, ಅದು ಜಿನುಗುತ್ತಿತ್ತು. ಅವರು ಆ ಕೂದಲನ್ನು ಮೆಲ್ಲಗೆ ಹೂವಿನ ಹರಿವಾಣದಲ್ಲಿ, ಮಲ್ಲಿಗೆಯ ಪಕ್ಕದಲ್ಲಿ ಇಟ್ಟರು.

ಸಚ್ಚಿ ಬಟನ್ ಒತ್ತಲಿಲ್ಲ. ಕ್ಯಾಮೆರಾ ಇಳಿಸಿದ. ದೇವಕಿ ತಾಯಿಯನ್ನು ನೋಡಲಿಲ್ಲ, ಆ ಹುಡುಗನನ್ನು ನೋಡಲಿಲ್ಲ. ಇಡೀ ಚಾವಡಿಯಲ್ಲಿ ಅವಳು ನೋಡಿದ್ದು ಸಚ್ಚಿಯನ್ನು ಮಾತ್ರ. ಬೈಗುಳವೂ ಇಲ್ಲದ ನೋಟ ಅದು. ಅವನು ತಲೆ ತಗ್ಗಿಸಿದ.

ಗಂಡಿನ ಕಡೆಯವರು ಕೆಟ್ಟದ್ದೇನೂ ಆಡಲಿಲ್ಲ. ಮುಂದೆ ನೋಡೋಣ ಎಂದು ಹೇಳಿ ಜೀಪು ಹತ್ತಿದರು. ಮುಂದೆ ನೋಡುವುದಕ್ಕೆ ಅವರು ಮತ್ತೆ ಬರಲಿಲ್ಲ.

ಶಿವಮೊಗ್ಗದ ಚರ್ಮದ ಡಾಕ್ಟರು ಮೀನಾಕ್ಷಮ್ಮನಿಗೆ ಚೆನ್ನಾಗಿ ಬೈದು ಕಳಿಸಿದರಂತೆ. ಗುಂಗುರು ಕೂದಲು ನೋಡಲು ದಟ್ಟ, ಆದರೆ ತಿರುವು ಇದ್ದಲ್ಲೆಲ್ಲ ಅದಕ್ಕೆ ಬಲ ಕಡಿಮೆ. ಅಂಥದ್ದಕ್ಕೆ ಔಷಧಿಯ ಮೇಲೆ ಔಷಧಿ ಹಾಕಿದರೆ ಕೂದಲೂ ಉಳಿಯುವುದಿಲ್ಲ, ಚರ್ಮವೂ ಉಳಿಯುವುದಿಲ್ಲ ಎಂದರಂತೆ. ಉಳಿದ ಕೂದಲನ್ನು ಪೂರ್ತಿ ಕತ್ತರಿಸಬೇಕಾಯಿತು. ಗಾಯ ಆಳಕ್ಕಿಳಿದಿದ್ದ ಕಡೆ ಇನ್ನು ಹುಟ್ಟುವುದು ಅನುಮಾನ ಎಂದರು. ಪ್ರೇಮಕ್ಕ ಬೋರ್ಡು ಕಿತ್ತು ಹಾಕಿದಳು. ದೇವಕಿ ಸೊಸೈಟಿಗೆ ರಜೆ ಹಾಕಿದವಳು ಮತ್ತೆ ಬರಲಿಲ್ಲ.

ಸಚ್ಚಿ ಒಮ್ಮೆ ಧೈರ್ಯ ಮಾಡಿ ಬೇಗಾರಿಗೆ ಹೋದ. ತಿದ್ದದೆ ಉಳಿಸಿಕೊಂಡಿದ್ದ ಮೊದಲಿನ ಫೋಟೋವನ್ನು, ಆ ಸುರುಳಿ ಸಮೇತ, ಕವರಿನಲ್ಲಿ ಹಾಕಿಕೊಂಡಿದ್ದ. ಅವಳು ಒಳಗಿನಿಂದ ಬರಲಿಲ್ಲ. ಜಗಲಿಯಲ್ಲಿ ಕೂತಿದ್ದ ಶೇಷಮ್ಮ ಅವನ ಕೈ ಹಿಡಿದುಕೊಂಡು ಅತ್ತರು. "ಎಣ್ಣೆ ನೀರು ಹಾಕ್ದೋಳು ನಾನೇ ಅಲ್ದಾ ಮಾಣಿ? ಕೂಸಿನ ತಲೆ ನಾನೇ ಹಾಳ್ಮಾಡ್ದೆ."

ಅಲ್ಲ ಅಜ್ಜಿ, ನೀವಲ್ಲ, ಅದು ನಾನು ಎಂದು ಹೇಳುವುದಕ್ಕೆ ಹೊರಟ. ಹೇಳದೆಯೇ ಕವರನ್ನು ಅಜ್ಜಿಯ ಕೈಯಲ್ಲಿಟ್ಟು ವಾಪಸು ಬಂದ.

ಮಳೆಗಾಲ ಕಳೆದು ಬಿಸಿಲು ಬಂದ ಮೇಲೆ ಒಂದು ದಿನ ಅವಳೇ ಬಂದಳು. ತಲೆಗೆ ನೀಲಿ ವೇಲ್ ಸುತ್ತಿಕೊಂಡಿದ್ದಳು. ಮಂಗಳೂರಿನಲ್ಲಿ ಬಿ.ಎಡ್‌ಗೆ ಸೀಟು ಸಿಕ್ಕಿದೆ, ಅಡ್ಮಿಶನ್ನಿಗೆ ಪಾಸ್‌ಪೋರ್ಟ್ ಫೋಟೋ ಬೇಕು, ಕಾದು ತೆಗೆದುಕೊಂಡೇ ಹೋಗುತ್ತೇನೆ ಎಂದಳು. ಎಲ್ಲರ ಹಾಗೆ, ಗಿರಾಕಿಯ ಹಾಗೆ ಹೇಳಿದಳು.

ಸ್ಟೂಲಿನ ಮೇಲೆ ಕೂತು ವೇಲ್ ತೆಗೆದಳು. ಬೆರಳಿನಷ್ಟು ಉದ್ದದ ಕೂದಲು ಬಂದಿತ್ತು. ತುದಿಗಳು ಆಗಲೇ ಸುರುಳಿಯಾಗತೊಡಗಿದ್ದವು. ಆದರೆ ಬಲಹುಬ್ಬಿನ ಮೇಲಿನಿಂದ ನೆತ್ತಿಯವರೆಗೆ ಬೋಳು, ನುಣ್ಣಗೆ ಹೊಳೆಯುವ ಕಲೆ.

ಸಚ್ಚಿ ಲೈಟು ಹಾಕಿದ. ಗಲ್ಲ ಸ್ವಲ್ಪ ಕೆಳಗೆ ಎಂದ. ರೂಢಿಯಲ್ಲಿ ಅವನ ಕೈ ಅವಳ ಹಣೆಯ ಕಡೆಗೆ ಹೋಯಿತು, ಬಲಹುಬ್ಬಿನ ಮೇಲಕ್ಕೆ. ಸರಿಸುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಕೈ ಗಾಳಿಯಲ್ಲೇ ನಿಂತಿತು.

"ಎಂತ ಹುಡುಕ್ತಿದೀರಿ?" ಎಂದಳು ದೇವಕಿ. ಅವಳ ದನಿ ಮೃದುವಾಗಿಯೇ ಇತ್ತು.

ಅಷ್ಟಕ್ಕೆ ಅವನ ಕಟ್ಟೆ ಒಡೆಯಿತು. ಎರಡು ವರ್ಷ ಬಾಯೊಳಗೆ ಇಟ್ಟುಕೊಂಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ಗಾಜು ಒರೆಸಿದ್ದು, ಹೋಗಿದ್ದ ಬಸ್ಸನ್ನು ಈಗ ಬರುತ್ತದೆ ಎಂದು ಸುಳ್ಳು ಹೇಳಿದ್ದು, ಕಂಪ್ಯೂಟರಿನಲ್ಲಿ ಆ ಸುರುಳಿ ಅಳಿಸುವಾಗ ಕೈ ತಡೆದದ್ದು, ಮೆಟ್ಟಿಲು ಅರ್ಧ ಹತ್ತಿ ಇಳಿದದ್ದು. ಮದುವೆಯಾಗುತ್ತೀರಾ ಎಂದೂ ಕೇಳಿದ. ದೇವಕಿ ತಡೆಯದೆ ಎಲ್ಲವನ್ನೂ ಕೇಳಿಸಿಕೊಂಡಳು.

"ಆ ದಿನ ಬಸ್ಸು ಹೋಗಿದ್ದು ನಾನೂ ನೋಡಿದ್ದೆ," ಎಂದಳು. "ಬೇಕಂತಲೇ ಬಿಟ್ಟಿದ್ದೆ. ಸೊಸೈಟಿ ಬಾಗಿಲಲ್ಲೇ ಶೃಂಗೇರಿ ಬಸ್ಸಿಗೆ ಸ್ಟಾಪ್ ಉಂಟು. ಅಲ್ಲಿಂದ ಇಲ್ಲಿಯವರೆಗೆ ದಿನಾ ಯಾಕೆ ನಡ್ಕೊಂಡು ಬರ್ತಿದ್ದೆ ಅಂತ ನೀವು ಒಂದು ದಿನ ಯೋಚನೆ ಮಾಡಿದ್ರಾ?"

ಸಚ್ಚಿ ಮಾಡಿರಲಿಲ್ಲ.

"ಫೋಟೋ ತೆಗೆಸಿದ ದಿನ, ಇದನ್ನ ಯಾರಿಗೂ ಕಳಿಸೋದು ಬೇಡ ಅಂತ ನೀವು ಹೇಳ್ತೀರಿ ಅಂದ್ಕೊಂಡಿದ್ದೆ. ನೀವು ಎಷ್ಟು ಕಾಪಿ ಬೇಕು ಅಂದ್ರಿ." ಅವಳು ನಕ್ಕಳು. ಕಣ್ಣು ತುಂಬಿ ಬಂದಿತ್ತು. "ಆಮೇಲೆ ನಿಮಗೂ ನೆಟ್ಟಗಿದ್ರೇ ಚಂದ ಅಂತ ಗೊತ್ತಾಯ್ತು. ಹಾಗಾದ್ರೆ ಆಗ್ಲಿ ಅಂತ ಮೇಲೆ ಹತ್ತಿದೆ. ಅಮ್ಮನ ಒತ್ತಾಯಕ್ಕೆ ಒಂದೇ ಅಲ್ಲ."

ನನಗೆ ಹಾಗೆ ಅನ್ನಿಸಿಯೇ ಇರಲಿಲ್ಲ ಎಂದ ಸಚ್ಚಿ.

"ಈಗ ಗೊತ್ತು. ಅಜ್ಜಿ ಕೈಲಿ ಕೊಟ್ಟು ಹೋಗಿದ್ರಲ್ಲ, ಆ ಫೋಟೋ ನೋಡಿದೆ." ವೇಲಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಕೂತಳು. "ಒಂದು ಕೇಳ್ತೇನೆ, ನಿಜ ಹೇಳಿ. ಈಗ ಮದುವೆ ಆಗ್ತೇನೆ ಅಂತಿದೀರಲ್ಲ, ಅದು ಪ್ರೀತಿಗಾ, ಇಲ್ಲ ಈ ಕಲೆ ನೋಡಿ ಆಗೋ ಸಂಕಟಕ್ಕಾ?"

ಪ್ರೀತಿಗೆ ಎಂದು ಹೇಳಬೇಕಿತ್ತು. ಹೇಳುವ ಮುಂಚೆ ಅವನ ಕಣ್ಣು ತಾನಾಗಿ ಆ ಕಲೆಯ ಮೇಲೆ ಹೋಗಿ ಬಂತು. ಬಂದದ್ದು ಒಂದು ಕ್ಷಣ ತಡವಾಗಿ. ಅವಳು ಅದನ್ನು ಕಂಡಳು.

"ನಿಮ್ಮನ್ನ ದೂರಲ್ಲ ನಾನು," ಎಂದಳು. "ಆದ್ರೆ ದಿನಾ ನೀವು ನನ್ನ ನೋಡುವಾಗ, ನಿಮ್ಮ ಕಣ್ಣಲ್ಲಿ ಈಗ ಉಂಟಲ್ಲ ಇದು, ಇದನ್ನ ನೋಡ್ಕೊಂಡು ಇರೋಕೆ ನನ್ನಿಂದ ಆಗಲ್ಲ. ಫೋಟೋ ತೆಗೀರಿ. ಈ ಸಲ ಏನೂ ತಿದ್ದಬೇಡಿ."

ಸಚ್ಚಿ ಕ್ಯಾಮೆರಾದ ಹಿಂದೆ ಹೋದ. ಅವಿತುಕೊಳ್ಳಲು ಈ ಸಲ ಅದು ಸಾಲಲಿಲ್ಲ. ಕಣ್ಣೊರೆಸಿಕೊಂಡು ಫೋಕಸ್ ಮಾಡಿದ. ಅವಳು ನೇರವಾಗಿ ನೋಡಿದಳು, ಕಲೆಯನ್ನು ಮರೆಸಲು ಕತ್ತು ಓರೆ ಮಾಡಲಿಲ್ಲ. ಅವನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಫೋಟೋವನ್ನು ಅವನು ತೆಗೆದಿರಲಿಲ್ಲ.

ಕಂಪ್ಯೂಟರಿಗೆ ಹಾಕಿದಾಗ ಅವನ ಕೈ ಮೌಸಿನ ಮೇಲೆ ಸುಮ್ಮನೆ ಕೂತಿತು. ದೇವಕಿ ಕೌಂಟರಿನ ಆಚೆ ನಿಂತು ವೇಲ್ ಸುತ್ತಿಕೊಳ್ಳುತ್ತಿದ್ದಳು.

"ಕೇಳೋದಿಲ್ವಾ?" ಎಂದಳು.

"ಎಂತದು?"

"ಎಷ್ಟು ಕಾಪಿ ಅಂತ."

ಅವನು ಕೇಳಲು ಹೋದ. ಬರೀ ತುಟಿ ಆಡಿತು.

"ಎಂಟು," ಎಂದಳು ಅವಳೇ. "ಒಂದು ನೀವಿಟ್ಕೊಳ್ಳಿ. ಶೋಕೇಸಿಗೆ ಹಾಕ್ಬೇಡಿ."

ಅವನು ಕತ್ತರಿಸಿ ಕೊಟ್ಟ. ಏಳನ್ನು ಸಣ್ಣ ಕವರಿಗೆ ಹಾಕಿ, ಬೆರಳು ತಾಗದ ಹಾಗೆ ಅವಳ ಕೈಗಿಟ್ಟ. ಬರ್ತೇನೆ ಎಂದು ಅವಳು ಮೆಟ್ಟಿಲಿಳಿದಳು. ಶೃಂಗೇರಿ ಬಸ್ಸಿನ ಹೊತ್ತಾಗಿತ್ತು. ಸಚ್ಚಿ ಒರೆಸುವ ಬಟ್ಟೆ ಹಿಡಿದು ಗಾಜಿನ ಹಿಂದೆ ನಿಂತ. ರಸ್ತೆಯ ಆಚೆ ಬದಿ ಕಾಯುವವರು ಆಗಲೇ ಸೇರಿದ್ದರು.

ದೇವಕಿ ರಸ್ತೆ ದಾಟಲಿಲ್ಲ. ಹಿಂದಕ್ಕೆ ತಿರುಗಿ, ಸೊಸೈಟಿ ಬಾಗಿಲಿನ ಸ್ಟಾಪಿನ ಕಡೆಗೆ ನಡೆದು ಹೋದಳು.